ಗೋಡೆಗೆ ಅಂಟಿಸಿದ್ದ ಮ್ಯಾನ್ಯುಯಲ್

ಬೆಳಗ್ಗೆ ಆರೂಮುಕ್ಕಾಲಿಗೆ ಕರೆಂಟ್ ಹೋಯಿತು. ಚನ್ನರಾಯಪಟ್ಟಣದ ಹತ್ತಿರದ ಆ ಹಳ್ಳಿಯ ಡೈರಿಯಲ್ಲಿ ಇನ್ನೂ ಮೂವತ್ತು ಜನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದರು. ಯುಪಿಎಸ್ ಬ್ಯಾಟರಿ ಹಳೆಯದು. ಎರಡು ನಿಮಿಷ ಬೀಪ್ ಬೀಪ್ ಅಂದು ಸುಮ್ಮನಾಯಿತು. ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ, ಕಂಪ್ಯೂಟರ್ ಎಲ್ಲ ಒಟ್ಟಿಗೆ ನಿಂತವು.

ನಾನು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ಆ ಕಂಪ್ಯೂಟರಿನಲ್ಲಿದ್ದ ಹಾಲಿನ ಲೆಕ್ಕದ ಸಾಫ್ಟ್‌ವೇರಿಗೆ ಕನ್ನಡ ಮ್ಯಾನ್ಯುಯಲ್ ಬರೆದವನು ನಾನೇ. 140 ಪುಟ, ನಾಲ್ಕು ತಿಂಗಳ ಕೆಲಸ. ಜನ ಅದನ್ನು ಹೇಗೆ ಬಳಸುತ್ತಾರೆ ಅಂತ ಕಣ್ಣಾರೆ ನೋಡೋಣ ಅಂತಲೇ ಹಿಂದಿನ ರಾತ್ರಿ ಬೆಂಗಳೂರಿನಿಂದ ಬಸ್ ಹತ್ತಿದ್ದೆ.

ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಕಂಪ್ಯೂಟರ್ ಶುರುವಾದ ತಕ್ಷಣ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಂದೇಶ, ಅದರ ಕೆಳಗೆ ಎರಡು ಬಟನ್: ‘ಕಂಟಿನ್ಯೂ’, ‘ನ್ಯೂ ಶಿಫ್ಟ್’. ಎರಡನೆಯದನ್ನು ಒತ್ತಿದರೆ ಒಂದೇ ಬೆಳಗಿನ ಲೆಕ್ಕ ಎರಡು ಹೋಳಾಗುತ್ತದೆ. ಬಟವಾಡೆಯ ದಿನ ಯಾರ ಹಾಲು ಎಷ್ಟು ಅಂತ ಜಗಳ ಶುರುವಾಗುತ್ತದೆ.

ಕಾರ್ಯದರ್ಶಿ ಮೇಡಂ ಬೀರುವಿನ ಮೇಲಿದ್ದ ನನ್ನ ಮ್ಯಾನ್ಯುಯಲ್ ಕಡೆ ತಿರುಗಿಯೂ ನೋಡಲಿಲ್ಲ. ಅವರು ನೋಡಿದ್ದು ಗೋಡೆಯನ್ನು. ಅಲ್ಲಿ ಕ್ಯಾಲೆಂಡರಿನ ಹಿಂಬದಿಯ ಹಾಳೆಯೊಂದು ಅಂಟಿಸಿತ್ತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೀಗೆ ಬರೆದಿತ್ತು:

‘ಕರೆಂಟ್ ಹೋಗಿ ಬಂದ್ರೆ: ಕಂಟಿನ್ಯೂ ಒತ್ತಿ. ನ್ಯೂ ಶಿಫ್ಟ್ ಒತ್ತಬೇಡಿ. ಕೊನೇದಾಗಿ ಹಾಲು ಹಾಕಿದವರ ಹೆಸರು ಬಂದಿದೆಯಾ ನೋಡಿ. ಇಲ್ಲದಿದ್ರೆ ಚೀಟಿ ನೋಡಿ ಮತ್ತೆ ಹಾಕಿ.’

ಅವರು ಕಂಟಿನ್ಯೂ ಒತ್ತಿದರು. ಹಾಗೇ ಆಗಿತ್ತು. ಕೊನೆಯ ರೈತರ ಹಾಲು ಲೆಕ್ಕದಲ್ಲಿ ಇರಲಿಲ್ಲ. ಚೀಟಿ ವಾಪಸ್ ತೆಗೆದುಕೊಂಡು ನೋಡಿ, ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮತ್ತೆ ಹಾಕಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಸಾಲು ಮುಂದೆ ಸರಿಯಿತು.

ಎಲ್ಲ ಮುಗಿದ ಮೇಲೆ ಟೀ ಬಂತು. ಆಗ ಕೇಳಿದೆ: ‘ಮೇಡಂ, ಇದೇ ವಿಷಯ ಈ ಪುಸ್ತಕದಲ್ಲಿ ಹುಡುಕ್ತೀರಾ?’ ಅವರು ತಾಳ್ಮೆಯಿಂದ ಹುಡುಕಿದರು. ಪರಿವಿಡಿಯಲ್ಲಿ ‘ಕರೆಂಟ್’ ಅಂತ ನೋಡಿದರು, ‘ವಿದ್ಯುತ್’ ಅಂತಲೂ ನೋಡಿದರು. ಸಿಗಲಿಲ್ಲ. ಯಾಕೆಂದರೆ ನಾನು ಅದನ್ನು 96ನೇ ಪುಟದಲ್ಲಿ, ‘ದತ್ತಾಂಶ ನಿರ್ವಹಣೆ’ ಅನ್ನುವ ಅಧ್ಯಾಯದೊಳಗೆ ಇಟ್ಟಿದ್ದೆ. ಸಾಫ್ಟ್‌ವೇರಿನ ಮೆನು ಯಾವ ಕ್ರಮದಲ್ಲಿದೆಯೋ ನನ್ನ ಅಧ್ಯಾಯಗಳೂ ಅದೇ ಕ್ರಮದಲ್ಲಿದ್ದವು. ಡೈರಿಯ ಬೆಳಗು ಆ ಕ್ರಮದಲ್ಲಿ ನಡೆಯುವುದಿಲ್ಲ.

ಪುಟ ತೆರೆದುಕೊಟ್ಟೆ. ಓದಿದರು. ‘ಸರ್, ಈ “ಮುಂದುವರಿಸಿ” ಅನ್ನೋ ಬಟನ್ ಎಲ್ಲಿದೆ?’

ಈ ಪ್ರಶ್ನೆ ನನಗೆ ಇವತ್ತಿಗೂ ಮರೆತಿಲ್ಲ. ಒಳ್ಳೆಯ ಕನ್ನಡ ಇರಲಿ ಅಂತ ಪ್ರತಿ ಬಟನ್ನಿನ ಹೆಸರನ್ನೂ ಪ್ರೀತಿಯಿಂದ ಕನ್ನಡಕ್ಕೆ ತಂದಿದ್ದೆ. ಆದರೆ ಪರದೆಯ ಮೇಲಿನ ಬಟನ್ನುಗಳು ಇಂಗ್ಲಿಷಿನಲ್ಲೇ ಉಳಿದಿದ್ದವು. ನಾನು ಬರೆದ ‘ಮುಂದುವರಿಸಿ’ ಆ ಕಂಪ್ಯೂಟರಿನಲ್ಲಿ ಎಲ್ಲೂ ಇರಲಿಲ್ಲ. ಪರದೆಯ ಬಟನ್ನುಗಳೂ ಕನ್ನಡಕ್ಕೆ ಬರಬೇಕು, ಅದು ನನ್ನ ಆಸೆಯೂ ಹೌದು. ಬರುವ ತನಕ ಪರದೆಯಲ್ಲಿ ಇರುವ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಬೇಕು ಅಲ್ವಾ? ಗೋಡೆಯ ಹಾಳೆ ಬರೆದ ಹಾಲು ಟೆಸ್ಟರ್ ಹುಡುಗ ಅದನ್ನೇ ಮಾಡಿದ್ದ.

ಆ ಹುಡುಗ ಇನ್ನೊಂದು ಕೆಲಸ ಮಾಡಿದ್ದ. ಕೊನೆಯ ಎಂಟ್ರಿ ಅಳಿಸಿಹೋಗಬಹುದು ಅನ್ನುವುದನ್ನು ಬರೆದಿದ್ದ. ಅದು ನಮಗೂ ಗೊತ್ತಿತ್ತು. ಆದರೆ ಮ್ಯಾನ್ಯುಯಲಿನಲ್ಲಿ ಬೇಡ ಅಂತ ಆಫೀಸಿನಲ್ಲಿ ತೀರ್ಮಾನವಾಗಿತ್ತು. ನಾನೂ ಒಪ್ಪಿಕೊಂಡಿದ್ದೆ. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ರೂಪಿಸಿದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1971ರಲ್ಲಿ ಅದಕ್ಕೆ ಬರೆದ ಮೊದಲ ಮ್ಯಾನ್ಯುಯಲಿನಲ್ಲೇ ‘ಬಗ್ಸ್’ (ದೋಷಗಳು) ಅಂತ ಒಂದು ವಿಭಾಗ ಇತ್ತು. ಈ ಕಮಾಂಡಿನಲ್ಲಿ ಇಂಥ ತೊಂದರೆ ಇದೆ ಅಂತ ಬರೆದವರೇ ಹೇಳಿಬಿಡುತ್ತಿದ್ದರು. ವರ್ಷಗಟ್ಟಲೆ ಆ ಪುಟಗಳನ್ನು ಓದಿದ್ದೇನೆ. ಓದಿದ್ದನ್ನು ನನ್ನ ಕೆಲಸಕ್ಕೆ ತಂದುಕೊಂಡಿರಲಿಲ್ಲ.

ವಾಪಸ್ ಬಂದ ಮೇಲೆ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಕ್ಯಾರಲ್ ಅವರ ಕೆಲಸವನ್ನು ಕೂತು ಓದಿದೆ. ಅವರು 1980ರ ದಶಕದಲ್ಲಿ ವರ್ಡ್ ಪ್ರೊಸೆಸರ್ ಕಲಿಯುವವರ ಪಕ್ಕದಲ್ಲೇ ಇದ್ದು ಗಮನಿಸಿದ್ದರು. ಜನ ಮ್ಯಾನ್ಯುಯಲನ್ನು ಮೊದಲಿನಿಂದ ಓದುವುದಿಲ್ಲ, ನೇರ ಕೆಲಸಕ್ಕೆ ಇಳಿಯುತ್ತಾರೆ, ಸಿಕ್ಕಿಕೊಂಡಾಗ ಹುಡುಕುತ್ತಾರೆ. ಅದಕ್ಕೆ ಅವರು ಪುಟಗಳನ್ನು ಕಡಿಮೆ ಮಾಡಿದರು, ತಪ್ಪಾದರೆ ಏನು ಮಾಡಬೇಕು ಅನ್ನುವುದಕ್ಕೆ ಒತ್ತು ಕೊಟ್ಟರು. ಜನ ಬೇಗ ಕಲಿತರು.

ಎರಡು ತಿಂಗಳ ನಂತರ ಲ್ಯಾಮಿನೇಟ್ ಮಾಡಿಸಿದ ಹಾಳೆಯೊಂದನ್ನು ಹಿಡಿದು ಮತ್ತೆ ಹೋದೆ. ‘ಕರೆಂಟ್ ಹೋದರೆ’, ‘ಚೀಟಿ ಬರದಿದ್ದರೆ’, ‘ಫ್ಯಾಟ್ ಸೊನ್ನೆ ತೋರಿಸಿದರೆ’ – ಹೀಗೆ ಒಂಬತ್ತು ತಲೆಬರಹ. ಆ ಹುಡುಗ ನಿಧಾನವಾಗಿ ಪೂರ್ತಿ ಓದಿದ.

‘ಯುಪಿಎಸ್ ಬೀಪ್ ಅಂದಾಗ ಏನ್ ಮಾಡ್ಬೇಕು ಅಂತ ಇಲ್ವಲ್ಲ ಸರ್. ಆಗ್ಲೇ ಹೊಸಬ್ರ ಹಾಲು ತಗೋಬಾರ್ದು.’

ಹಾಳೆಯ ಕೆಳಗೆ ಜಾಗ ಇತ್ತು. ಅವನು ಮಾರ್ಕರ್ ತಂದು ಬರೆದ.