ಪಾಳಿ

"ನಾಳಿ ನಿಮ್ಮ ಆಟ ಐತೇನ್ರೀ?"

ಧಾರವಾಡದ ಜುಬಿಲಿ ಸರ್ಕಲ್ ಹತ್ತಿರದ ಖಾನಾವಳಿಯ ಯಜಮಾನರು ಹಾಗೆ ಕೇಳಿದಾಗ ಏನು ಹೇಳಬೇಕೆಂದು ತೋಚಲಿಲ್ಲ. ಇದೆ ಎಂದರೆ ಸುಳ್ಳಾಗುತ್ತಿತ್ತು. ಇಲ್ಲ ಎಂದುಬಿಡಲು ಬಾಯಿ ಬರಲಿಲ್ಲ. ಅವತ್ತು ಮಧ್ಯಾಹ್ನ ಟೆನಿಸ್ ಟೂರ್ನಿಯೊಂದರ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತಿದ್ದೆ. ಮುಖ್ಯ ಸುತ್ತಿಗೆ ಬಂದವರಲ್ಲಿ ಯಾರಿಗಾದರೂ ಆಡಲು ಆಗದೇ ಹೋದರೆ ಆ ಜಾಗಕ್ಕೆ ನಮ್ಮಂಥ ಸೋತವರನ್ನು ಕರೆಯುತ್ತಾರೆ, ಕರೆದರೆ ಆಟ ಇದೆ ಎಂದು ವಿವರಿಸಿದೆ. ಅವರು ರೊಟ್ಟಿ ಹಾಕುತ್ತಾ, "ಅಂದ್ರ ಪಾಳಿ ಹಚ್ಚಿ ನಿಂತೀರಿ ಅನ್ರೀ" ಎಂದರು. ಮೈಸೂರಿನವನಾದ ನನ್ನ ಬಾಯಲ್ಲಿ ಸರದಿ, ಇಲ್ಲವೇ ಕ್ಯೂ. ಪಾಳಿ ಎನ್ನುವುದು ಆಗ ಕಿವಿಗೆ ಹೊಸದು. ಆಮೇಲಿನ ಎರಡು ದಿನ ತಲೆಯಲ್ಲಿ ಅದೇ ಪದ ಸುತ್ತುತ್ತಿತ್ತು.

ಅದು 2023ರ ಅಕ್ಟೋಬರ್, ನವರಾತ್ರಿ ಆಗಷ್ಟೇ ಶುರುವಾಗಿತ್ತು. ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿ. ಮೊತ್ತ ಕೇಳಿದವರು ಕಣ್ಣರಳಿಸುತ್ತಾರೆ, ಆದರೆ ಅದು ಇಡೀ ಟೂರ್ನಿಗೆ ಹಂಚಿಕೆಯಾಗುವ ಹಣ. ಸಿಂಗಲ್ಸ್ ಗೆದ್ದವನಿಗೆ 3,600 ಡಾಲರ್, ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವನಿಗೆ 260. ಅಂದರೆ ಸುಮಾರು 21,600 ರೂಪಾಯಿ. ಅರ್ಹತಾ ಸುತ್ತಿನಲ್ಲಿ ಸೋತವನಿಗೆ ಏನೂ ಇಲ್ಲ. 40 ಡಾಲರ್ ಪ್ರವೇಶ ಶುಲ್ಕ ಅವನೇ ಕಟ್ಟಿರುತ್ತಾನೆ, ರೈಲು, ಲಾಡ್ಜು, ಊಟ ಎಲ್ಲವೂ ಅವನದೇ. ಗ್ರ್ಯಾಂಡ್ ಸ್ಲ್ಯಾಮ್ ಅರ್ಹತಾ ಸುತ್ತಿನಲ್ಲಿ ಸೋತವರಿಗೂ ಕೈತುಂಬ ದುಡ್ಡು ಸಿಗುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಮಾತ್ರ ಎರಡು ದಿನದ ದುಡಿಮೆಗೆ ಕೂಲಿಯಿಲ್ಲ. ಇದು ತಪ್ಪು ಎಂದು ಹದಿನೆಂಟನೆಯ ವಯಸ್ಸಿನಿಂದಲೂ ಹೇಳುತ್ತಲೇ ಬಂದಿದ್ದೇನೆ, ಇವತ್ತೂ ಹೇಳುತ್ತೇನೆ.

ಅರ್ಹತಾ ಸುತ್ತಿನಲ್ಲಿ ಮೂರನೆಯ ಸೆಟ್ ಇರುವುದಿಲ್ಲ. ಸೆಟ್ಟು ಒಂದೊಂದಾದರೆ ಹತ್ತು ಅಂಕಗಳ ಟೈಬ್ರೇಕ್. 8-8 ಆದಾಗ ಎದುರಾಳಿಯ ಎರಡನೆಯ ಸರ್ವ್ ನನ್ನ ಫೋರ್‌ಹ್ಯಾಂಡಿಗೇ ಬಂತು, ಮೆತ್ತಗೆ. ಹೆಜ್ಜೆ ಸರಿಯಾಗಿ ಇಟ್ಟಿದ್ದೆ, ಕಣ್ಣೂ ಚೆಂಡಿನ ಮೇಲೇ ಇತ್ತು. ಚೆಂಡು ಬಲೆಯ ಪಟ್ಟಿಗೆ ಬಡಿದು ನನ್ನ ಕಡೆಗೇ ಬಿತ್ತು. ಮುಂದಿನ ಅಂಕವನ್ನೂ ಅವನೇ ಗೆದ್ದ. ಕೈಕುಲುಕಿ ಹೊರಬಂದವನು ಕಚೇರಿಯ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತೇ ಇದ್ದೆ.

ಆ ವಾರಕ್ಕೆ ಅಷ್ಟು ತೂಕ ಬರಲು ಬೇರೆ ಕಾರಣವಿತ್ತು. ನನ್ನ ಹೆಸರಿನ ಮುಂದೆ ಆಗ ಇದ್ದದ್ದು ಒಂದೇ ಒಂದು ಎಟಿಪಿ ಅಂಕ, ಅಂದರೆ ವಿಶ್ವ ಪಟ್ಟಿಯಲ್ಲಿ ಸ್ಥಾನ ಕೊಡುವ ಅಂಕ. ಹಿಂದಿನ ವರ್ಷ ಇದೇ ಹೊತ್ತಿಗೆ ಟುನೀಷಿಯಾದ ಮೊನಾಸ್ಟಿರ್‌ನಲ್ಲಿ ಗೆದ್ದದ್ದು. ಅಲ್ಲಿ ಒಂದೇ ಊರಿನಲ್ಲಿ ವಾರವಾರವೂ 15,000 ಡಾಲರ್ ಟೂರ್ನಿ ನಡೆಯುತ್ತದೆ. ಪ್ರಯಾಣ ಉಳಿಯುತ್ತದೆಂದು ನಮ್ಮಂಥವರು ಹೋಗಿ ತಿಂಗಳುಗಟ್ಟಲೆ ತಳವೂರುತ್ತಾರೆ. ನನ್ನನ್ನು ಒಂಬತ್ತು ವಾರ ಅಲ್ಲಿ ಇರಿಸಲು ಅಪ್ಪ ಮೂವತ್ತು-ನಲವತ್ತರ ಸೈಟು ಮಾರಿದರು. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರಿಗೆ ಇದ್ದದ್ದು ಅದೊಂದೇ ಸೈಟು. ಒಂಬತ್ತು ವಾರದಲ್ಲಿ ಮುಖ್ಯ ಸುತ್ತಿನ ಒಂದು ಪಂದ್ಯ ಗೆದ್ದೆ, ಒಂದು ಅಂಕ ಬಂತು. ಅಂಕಕ್ಕೆ ಆಯುಷ್ಯ 52 ವಾರ. ಬರುವ ಸೋಮವಾರ ಅದು ಬಿದ್ದುಹೋಗುವುದಿತ್ತು, ಅದರೊಂದಿಗೆ ರ್‍ಯಾಂಕಿಂಗ್ ಪಟ್ಟಿಯಿಂದ ನನ್ನ ಹೆಸರೂ. ಹೀಗೆ ಹೆಸರು ಅಳಿಸಿಹೋಗುವ ಅನುಭವ 2019ರಲ್ಲೂ ಆಗಿತ್ತು. ಆ ವರ್ಷದ ಆರಂಭದಲ್ಲಿ 15,000 ಡಾಲರ್ ಟೂರ್ನಿಗಳಿಂದ ಎಟಿಪಿ ಅಂಕಗಳನ್ನೇ ತೆಗೆದುಹಾಕಿದ್ದರು. ಜಗತ್ತಿನಾದ್ಯಂತ ಆಟಗಾರರು ಗಲಾಟೆ ಮಾಡಿದ ಮೇಲೆ ಆಗಸ್ಟ್‌ನಲ್ಲಿ ಮತ್ತೆ ಕೊಟ್ಟರು. ಅಷ್ಟರಲ್ಲಿ ನನ್ನ ಜೊತೆ ಆಡುತ್ತಿದ್ದವರಲ್ಲಿ ಕೆಲವರು ಕೋಚಿಂಗ್ ಕೆಲಸ ಹಿಡಿದಿದ್ದರು, ಒಬ್ಬ ಎಂಬಿಎಗೆ ಸೇರಿದ್ದ.

ಮಂಗಳವಾರ ಬೆಳಿಗ್ಗೆ ಎದ್ದಾಗ ಅಮ್ಮ ಗೊಂಬೆ ಕೂರಿಸಿದ ಫೋಟೊ ಕಳಿಸಿದ್ದರು. ನಾನು ದಸರೆಗೆ ಊರಲ್ಲಿರದೆ ಆಗಲೇ ಐದು ವರ್ಷವಾಗಿತ್ತು. ಪಕ್ಕದ ಮಂಚದಲ್ಲಿ ನನ್ನ ರೂಮ್‌ಮೇಟ್, ಹೈದರಾಬಾದಿನ ಹುಡುಗ, ಎದ್ದು ಆಗಲೇ ಶೂ ಕಟ್ಟುತ್ತಿದ್ದ. ಅವನೂ ಹಿಂದಿನ ದಿನ ಕೊನೆಯ ಸುತ್ತಿನಲ್ಲೇ ಸೋತವನು. ಟೂರ್ನಿಯ ಹೋಟೆಲ್ಲು ಇಬ್ಬರಿಗೂ ನಿಲುಕುವಂತಿರಲಿಲ್ಲ, ಲಾಡ್ಜ್ ಒಂದರಲ್ಲಿ ಬಾಡಿಗೆ ಅರ್ಧರ್ಧ ಹಾಕಿಕೊಂಡಿದ್ದೆವು. ಬೆಳಿಗ್ಗೆ ಮೊದಲ ಪಂದ್ಯಕ್ಕೆ ಮುಂಚೆ ರೆಫ್ರಿಯ ಮೇಜಿಗೆ ಹೋಗಿ ಲಕ್ಕಿ ಲೂಸರ್, ಅಂದರೆ ಹೀಗೆ ಸೋತೂ ಕಾಯುವವರ, ಪಟ್ಟಿಯಲ್ಲಿ ಸಹಿ ಹಾಕಬೇಕು. ಸಹಿ ಹಾಕದಿದ್ದರೆ ಸ್ಥಾನ ಖಾಲಿಯಾದರೂ ಕರೆಯುವುದಿಲ್ಲ. ಪಟ್ಟಿ ನಡೆಯುವುದು ರ್‍ಯಾಂಕಿಂಗ್ ಪ್ರಕಾರ. ಅವನಿಗೆ ನನಗಿಂತ ಮೂರು ಅಂಕ ಹೆಚ್ಚು. ಅವನು ಮೊದಲನೆಯವ, ನಾನು ಎರಡನೆಯವ.

ಕಾಯುವುದು ಎಂದರೆ ಸುಮ್ಮನೆ ಕೂರುವುದಲ್ಲ. ಹೆಸರು ಕೂಗಿದ ಕೂಡಲೇ ಕೋರ್ಟಿಗಿಳಿಯುವಂತಿರಬೇಕು. ಹೊಟ್ಟೆ ತುಂಬ ತಿನ್ನುವಂತಿಲ್ಲ, ಹಸಿದೂ ಇರುವಂತಿಲ್ಲ. ಎರಡು ಬಾಳೆಹಣ್ಣು, ಉಪ್ಪು-ಸಕ್ಕರೆ ಬೆರೆಸಿದ ನೀರು. ಗಂಟೆಗೊಮ್ಮೆ ಎದ್ದು ಹಗ್ಗ ಜಿಗಿದು ಮೈ ಬಿಸಿ ಇಟ್ಟುಕೊಳ್ಳಬೇಕು, ಹಾಗೆಂದು ದಣಿಯಬಾರದು. ಊರೊಳಗೆ ಸುತ್ತಾಡಲು ಹೋಗುವಂತಿಲ್ಲ. ಲೈನ್ ಬಜಾರಿನ ಪೇಡೆ ತರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆ, ಅಲ್ಲಿಗೂ ಹೋಗಲಾಗಲಿಲ್ಲ.

ಇದೆಲ್ಲ ಮೈಗೆ ಸಂಬಂಧಪಟ್ಟಿದ್ದು. ಮನಸ್ಸಿನ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಯಾರಾದರೂ ಕುಂಟುತ್ತಾ ಬಂದರೆ ಕಣ್ಣು ಅತ್ತಲೇ ಹೋಗುತ್ತದೆ. ಫಿಸಿಯೋ ಕೋಣೆಯ ಬಾಗಿಲು ತೆರೆದರೆ ಯಾರು ಒಳಗೆ ಹೋದರೆಂದು ನೋಡುತ್ತೇನೆ. ಒಬ್ಬನಿಗೆ ರಾತ್ರಿ ವಾಂತಿಯಾಯಿತಂತೆ ಎಂದು ಯಾರೋ ಹೇಳಿದಾಗ ಎದೆಯೊಳಗೆ ಏನೋ ಮೇಲೆದ್ದಿತು. ಅದು ಕನಿಕರವಾಗಿರಲಿಲ್ಲ. ನನ್ನನ್ನು ಹೀಗೆ ಬೆಳೆಸಲಿಲ್ಲ ನಮ್ಮಪ್ಪ ಅಮ್ಮ. ಆದರೂ ಆ ಬೆಳಿಗ್ಗೆ ನಾನು ಬಯಸುತ್ತಿದ್ದುದು ಇನ್ನೊಬ್ಬನ ಕೇಡನ್ನೇ. ಒಬ್ಬನದಲ್ಲ, ಇಬ್ಬರದು. ಒಬ್ಬ ಬಿದ್ದರೆ ಪಾಳಿ ರೂಮ್‌ಮೇಟಿನದು, ಎರಡನೆಯವ ಬಿದ್ದರೆ ಮಾತ್ರ ನನ್ನದು.

ಹನ್ನೊಂದರ ಹೊತ್ತಿಗೆ ಯುರೋಪಿನಿಂದ ಬಂದಿದ್ದ ಆಟಗಾರನೊಬ್ಬ ಬಂದು, ಅರ್ಧ ಗಂಟೆ ಜೊತೆಗೆ ಹೊಡೆಯುತ್ತೀಯಾ ಎಂದು ಕೇಳಿದ. ಅವನಿಗೂ ಕೋಚ್ ಇರಲಿಲ್ಲ, ಒಬ್ಬನೇ ಬಂದಿದ್ದ. ಮಧ್ಯಾಹ್ನ ಅವನ ಮೊದಲ ಸುತ್ತಿನ ಪಂದ್ಯ. ಕಾಯುವವರಿಗೆ ಇಂಥ ಕೆಲಸ ಸಿಗುತ್ತಿರುತ್ತದೆ, ನನಗೂ ಮೈ ಬಿಸಿಯಾಗುತ್ತದೆಂದು ಒಪ್ಪಿದೆ. ಚೆನ್ನಾಗಿ ಹೊಡೆಯುತ್ತಿದ್ದೆವು. ಇಪ್ಪತ್ತು ನಿಮಿಷವಾದ ಮೇಲೆ ಅವನು ಕ್ರಾಸ್‌ಕೋರ್ಟ್ ಬೇಕೆಂದ. ನಾಲ್ಕೈದು ಚೆಂಡು ಅವನ ಫೋರ್‌ಹ್ಯಾಂಡಿಗೆ ಕೊಟ್ಟೆ. ಆರನೆಯದು ಸ್ವಲ್ಪ ಅಗಲವಾಗಿ ಹೋಯಿತು. ಅವನು ಓಡಿ ಕಾಲು ಚಾಚಿದ, ಪಾದ ಹೊರಳಿತು, ಅಲ್ಲೇ ಕುಳಿತುಬಿಟ್ಟ.

ಓಡಿಹೋಗಿ ಐಸ್ ತಂದೆ. ಹೆಗಲು ಕೊಟ್ಟು ಫಿಸಿಯೋ ಕೋಣೆಗೆ ಕರೆದೊಯ್ದೆ. ಹತ್ತೇ ನಿಮಿಷದಲ್ಲಿ ಹರಡು ಊದಿಕೊಂಡು ಗುಂಡಗಾಯಿತು. ಅವನು ನನ್ನ ತೋಳು ತಟ್ಟಿ, ನಿನ್ನ ತಪ್ಪೇನಿಲ್ಲ, ಅದು ನಾನು ತೆಗೆದುಕೊಳ್ಳಬಹುದಾಗಿದ್ದ ಚೆಂಡೇ ಎಂದ. ಆಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ಚೆಂಡನ್ನು ಬೇಕೆಂದು ಅಗಲ ಹೊಡೆಯಲಿಲ್ಲ, ಅದು ನನಗೆ ಗೊತ್ತು. ಆದರೆ ಬೆಳಿಗ್ಗೆಯಿಂದ ಯಾರಾದರೂ ಬೀಳಲಿ ಎಂದು ಕಾಯುತ್ತಾ ಕೂತಿದ್ದವನ ಕೈಯಿಂದಲೇ ಆ ಚೆಂಡು ಹೋಯಿತಲ್ಲ. ಆ ಸಂಕಟ ಇವತ್ತಿಗೂ ಪೂರ್ತಿ ಹೋಗಿಲ್ಲ.

ಅವನು ಹಿಂದೆ ಸರಿದ. ಮೈಕಿನಲ್ಲಿ ರೂಮ್‌ಮೇಟಿನ ಹೆಸರು ಕೇಳಿಬಂತು. ಅವನು ನನ್ನ ಮುಖ ನೋಡಿದ. "ಹೋಗು, ಸಿದ್ಧವಾಗು" ಎಂದೆ. ಹತ್ತು ನಿಮಿಷ ಅವನಿಗೆ ಚೆಂಡು ಹೊಡೆದುಕೊಟ್ಟೆ.

ಅವನ ಬಳಿ ಸರಿಯಾದ ಗಟ್ಟಿಂಗ್ (ತಂತಿ ಹೆಣಿಗೆ) ಇದ್ದ ರಾಕೆಟ್ ಎರಡೇ. ಮೊದಲ ಸೆಟ್ಟಿನ ಅರ್ಧದಲ್ಲೇ ಒಂದು ಕಿತ್ತುಹೋಯಿತು. ಅವನು ಬೇಲಿಯತ್ತ ಬಂದು ಅದನ್ನು ನನ್ನ ಕೈಗಿತ್ತ. ಟೂರ್ನಿಯ ಗಟ್ಟಿಂಗ್ ಮಾಡುವವರ ಮುಂದೆ ಆಗಲೇ ಎಂಟು ರಾಕೆಟ್ ಸಾಲಾಗಿದ್ದವು, ಕೂಲಿಯೂ ನಮಗೆ ದುಬಾರಿ. ಹೈದರಾಬಾದಿನಿಂದ ರೈಲಿನಲ್ಲಿ ಹೊತ್ತು ತಂದಿದ್ದ ಅವನದೇ ಪುಟ್ಟ ಯಂತ್ರ ಲಾಡ್ಜಿನ ರೂಮಿನಲ್ಲಿತ್ತು. ಆಟೋ ಹಿಡಿದು ಹೋದೆ. ನಾವು ತಂತಿಯ, ಅಂದರೆ ಗಟ್ಟಿನ, 200 ಮೀಟರಿನ ಸುರುಳಿ ಕೊಳ್ಳುವುದು, ಒಂದು ರಾಕೆಟ್ಟಿಗೆ 12 ಮೀಟರಿನಂತೆ ಹದಿನಾರು ಬಾರಿಗೆ ಬರುತ್ತದೆ. ಅವನ ಸುರುಳಿ ಮುಗಿಯುತ್ತಾ ಬಂದಿತ್ತು, ಉಳಿದದ್ದು ಸಾಲುವಂತಿರಲಿಲ್ಲ. ನನ್ನದರಿಂದ ಕತ್ತರಿಸಿದೆ. ಕತ್ತರಿಸುವ ಮುಂಚೆ ಒಂದು ಗಳಿಗೆ ತಡೆದೆ ಎಂಬುದನ್ನೂ ಹೇಳಬೇಕು. ನಾಳೆ ನನ್ನ ಪಾಳಿ ಬಂದರೆ ನನಗೆ ಬೇಕಾಗಬಹುದಲ್ಲ ಎಂಬ ಲೆಕ್ಕ ತಲೆಗೆ ಬಂದಿತ್ತು. ಐವತ್ತು ಪೌಂಡಿಗೆ ಎಳೆದು, ಅಡ್ಡ ತಂತಿಗಳನ್ನು ಒಂದೊಂದಾಗಿ ಹೆಣೆಯುವಾಗ ಬೆಳಿಗ್ಗೆಯಿಂದ ಬಿಗಿದಿದ್ದ ಹೆಗಲು ಸಡಿಲವಾಯಿತು. ನಲವತ್ತು ನಿಮಿಷ ಬೇರೇನೂ ನೆನಪಾಗಲಿಲ್ಲ.

ನಾನು ಮರಳುವಷ್ಟರಲ್ಲಿ ಅವನು ಮೊದಲ ಸೆಟ್ ಸೋತು ಎರಡನೆಯದರಲ್ಲಿ 3-2 ಮುಂದಿದ್ದ. ಕೋರ್ಟಿನ ಪಕ್ಕದಲ್ಲಿ ನೋಡಲು ಇದ್ದವರು ಏಳೆಂಟು ಜನ. ಉಳಿದವರ ಗಮನವೆಲ್ಲ ವಿಶ್ವಕಪ್ ಕ್ರಿಕೆಟ್ ಮೇಲೆ. ಧರ್ಮಶಾಲಾದಲ್ಲಿ ಅವತ್ತು ನೆದರ್ಲೆಂಡ್ಸ್ ತಂಡ ದಕ್ಷಿಣ ಆಫ್ರಿಕಾವನ್ನು ಎದುರಿಸುವುದಿತ್ತು. ಮೂರನೆಯ ಸೆಟ್ಟಿನಲ್ಲಿ ಅವನು ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದ. ನಾನು ಕಿರುಚಿದ ರಭಸಕ್ಕೆ ಚೆಂಡು ಹೆಕ್ಕುವ ಹುಡುಗರೂ ಚಪ್ಪಾಳೆ ಹೊಡೆದರು. ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಹತ್ತು ನಿಮಿಷ ಕಳೆದ ಮೇಲೆ, ಅವನಿಗೆ ಬಂದದ್ದು ಒಂದು ಅಂಕ, ನನ್ನಿಂದ ಹೋಗುವುದೂ ಒಂದು ಅಂಕ ಎಂಬ ಲೆಕ್ಕವೂ ಬಂದೇ ಬಂತು.

ರಾತ್ರಿ ಇಬ್ಬರೂ ನಿದ್ದೆ ಬಾರದೆ ಮಾತಾಡಿದೆವು. ಹಿಂದಿನ ತಿಂಗಳಷ್ಟೇ ಸುಮಿತ್ ನಾಗಲ್ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೋ, ಅಂದರೆ ಸುಮಾರು 80,000 ರೂಪಾಯಿ, ಎಂದು ಹೇಳಿದ್ದರು. ಭಾರತದ ನಂಬರ್ ಒನ್ ಆಟಗಾರನ ಸ್ಥಿತಿ ಅದು. 2017ರಲ್ಲಿ ಕಬ್ಬನ್ ಪಾರ್ಕಿನ ಕೋರ್ಟಿನಲ್ಲಿ ಅವರು ಬೆಂಗಳೂರು ಚಾಲೆಂಜರ್ ಟೂರ್ನಿ ಗೆದ್ದಾಗ ನಾನು ಅಲ್ಲಿದ್ದೆ. ಇನ್ನು ಇವರಿಗೆ ಕಷ್ಟವಿಲ್ಲ ಎಂದುಕೊಂಡು ಮನೆಗೆ ಹೋಗಿದ್ದೆ. ಆ ರಾತ್ರಿ ಕಳೆದು ಮೂರು ತಿಂಗಳ ನಂತರ, 2024ರ ಜನವರಿಯಲ್ಲಿ, ಅವರೇ ಆಸ್ಟ್ರೇಲಿಯನ್ ಓಪನ್ನಿನ ಅರ್ಹತಾ ಸುತ್ತು ದಾಟಿ 31ನೆಯ ಶ್ರೇಯಾಂಕದ ಬುಬ್ಲಿಕ್‌ರನ್ನು ಸೋಲಿಸಿದರು. ಅದೇ ತಿಂಗಳು ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೆಯ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಇಬ್ಬರ ಹೆಸರನ್ನೂ ಹೇಳಿ ಜನ ನನಗೆ ಧೈರ್ಯ ತುಂಬುತ್ತಾರೆ. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಆ ರಾತ್ರಿ ಅದೊಂದೂ ಆಗಿರಲಿಲ್ಲ, 80,000 ಮಾತ್ರ ಗೊತ್ತಿತ್ತು. ಹೈದರಾಬಾದಿನ ಹುಡುಗ ದೀಪ ಆರಿಸಿ, ಈ ವಾರದ ಬಾಡಿಗೆ ಪೂರ್ತಿ ನನ್ನದು ಎಂದ. ಬೇಡವೆಂದೆ. "ನಿನ್ನ ಗಟ್ ಹಾಕಿದ್ದೀಯಲ್ಲ, ಹಿಡಿದ ಕೂಡಲೇ ಗೊತ್ತಾಯಿತು" ಎಂದ. ನಾನದನ್ನು ಅವನಿಗೆ ಹೇಳಿರಲಿಲ್ಲ.

ಬುಧವಾರ ಬೆಳಿಗ್ಗೆ ಮತ್ತೆ ಸಹಿ ಹಾಕಿದೆ. ಈಗ ಪಟ್ಟಿಯಲ್ಲಿ ನಾನೇ ಮೊದಲನೆಯವ. ಮೊದಲ ಸುತ್ತಿನ ಉಳಿದ ಪಂದ್ಯಗಳು ಅವತ್ತಿದ್ದವು. ಮತ್ತೆ ಬಾಳೆಹಣ್ಣು, ಉಪ್ಪು-ಸಕ್ಕರೆ ನೀರು, ಹಗ್ಗ. ಫಿಸಿಯೋ ಕೋಣೆಯ ಬಾಗಿಲ ಕಡೆ ಬೆನ್ನು ಮಾಡಿ ಕೂತೆ. ಪಂದ್ಯಗಳು ಒಂದೊಂದಾಗಿ ಶುರುವಾದವು. ಎರಡೂವರೆಗೆ ಕೊನೆಯ ಪಂದ್ಯದ ಇಬ್ಬರೂ ಬ್ಯಾಗು ಹೊತ್ತು ಕೋರ್ಟಿಗಿಳಿದರು, ಅಂಪೈರ್ ನಾಣ್ಯ ಚಿಮ್ಮಿದರು. ಮೊದಲ ಸರ್ವ್ ಬೀಳುವವರೆಗೂ ನಿಂತು ನೋಡಿದೆ. ಆಮೇಲೆ ಶೂ ಬಿಚ್ಚಿ ಚಪ್ಪಲಿ ಹಾಕಿಕೊಂಡು ಅಪ್ಪನಿಗೆ ಫೋನ್ ಮಾಡಿದೆ. ಅವರು, "ಕಲಬುರಗಿಯದು ಯಾವಾಗ? ಹೆಸರು ಕೊಟ್ಟೆಯಾ?" ಎಂದಷ್ಟೇ ಕೇಳಿದರು. ಇವತ್ತೇ ಕೊಡುತ್ತೇನೆ ಎಂದೆ.

ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಕರಗಿತ್ತು. ಯಜಮಾನರು ನೋಡಿದ ಕೂಡಲೇ ಕೇಳಿದರು, "ಪಾಳಿ ಬಂತೇನ್ರೀ?"

"ಇಲ್ಲ, ಬರಲಿಲ್ಲ."

ಅವರು ಮತ್ತೇನೂ ಕೇಳಲಿಲ್ಲ. ತಟ್ಟೆ ಇಟ್ಟು ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ದೊಡ್ಡ ಉಂಡೆ ಬೆಣ್ಣೆ ಹಾಕಿದರು. "ಎರಡ ದಿನ ಆತು, ನೆಟ್ಟಗ ಉಂಡಿಲ್ಲ ನೀವು. ಈಗರ ಹೊಟ್ಟಿ ತುಂಬ ಉಣ್ರಿ" ಎಂದು ಮೂರನೆಯ ರೊಟ್ಟಿ ತರಲು ಒಳಗೆ ಹೋದರು.