ಶಿರಸಿ ಸೀಮೆಗೆ ಹೊರಟವರು ಮೊದಲು ಊಟ ಗೊತ್ತು ಮಾಡಿಕೊಳ್ಳಿ

ಶಿರಸಿ ಕಡೆ ಹೊರಟವರು ಸಾಮಾನ್ಯವಾಗಿ ಮೊದಲು ಜಲಪಾತಗಳ ಪಟ್ಟಿ ಮಾಡುತ್ತಾರೆ. ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಬುರುಡೆ, ಜೋಗ. ಆಮೇಲೆ ಮೊಬೈಲಿನಲ್ಲಿ ದೂರ ನೋಡಿ, 'ಮೂವತ್ತೇ ಕಿಲೋಮೀಟರ್ ಅಲ್ವಾ' ಅಂತ ದಿನಕ್ಕೆ ನಾಲ್ಕು ಜಾಗ ತುಂಬುತ್ತಾರೆ. ಹಾಗೆ ಮಾಡಬೇಡಿ. ಇಲ್ಲಿಯ ಮೂವತ್ತು ಕಿಲೋಮೀಟರ್ ಅಂದರೆ ತಿರುವು, ಕಾಡು, ಅಡಿಕೆ ತೋಟದ ನಡುವಿನ ಕಿರಿದಾದ ರಸ್ತೆ, ಎದುರು ಬಸ್ಸು ಬಂದರೆ ನಿಂತು ದಾರಿ ಬಿಡುವ ಜಾಗ. ಬೆಳಿಗ್ಗೆ ಒಂದು ಜಾಗ, ಸಂಜೆ ಇನ್ನೊಂದು, ನಡುವೆ ಮಧ್ಯಾಹ್ನದ ಊಟ. ಇಷ್ಟು ಸಾಕು.

ಊಟವನ್ನೇ ನಡುವೆ ಇಟ್ಟು ಪ್ಲ್ಯಾನ್ ಮಾಡಿ ಅನ್ನುವುದಕ್ಕೆ ಕಾರಣ ಇದೆ. ಈ ಸೀಮೆಯ ನಿಜವಾದ ಅಡುಗೆ ಇರುವುದು ಮನೆಗಳಲ್ಲಿ. ಶಿರಸಿ ಪೇಟೆಯ ಹೋಟೆಲುಗಳಲ್ಲಿ ಒಳ್ಳೆಯ ದೋಸೆ, ಬನ್ಸು ಎಲ್ಲಾ ಸಿಗುತ್ತವೆ, ಆದರೆ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ತೆಳ್ಳೇವು (ತೆಳು ಅಕ್ಕಿ ದೋಸೆ) ಬೇಕು ಅಂದರೆ ಹಳ್ಳಿಯ ಹೋಂಸ್ಟೇಯೇ ಸರಿ. ಮತ್ತೆ ಹೋಂಸ್ಟೇ ಅಂದರೆ ಒಂದು ಮನೆ. ಅವರಿಗೆ ಹಿಂದಿನ ದಿನವೇ ಎಷ್ಟು ಜನ, ಎಷ್ಟು ಹೊತ್ತಿಗೆ ಅಂತ ಹೇಳಬೇಕು. ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ 'ಆರು ಜನ ಬರ್ತಾ ಇದ್ದೀವಿ' ಅಂದರೆ ಅವರು ಇಲ್ಲ ಅನ್ನಲಾರರು, ಆದರೆ ಪಾಪ, ಆ ಮನೆಯವರಿಗೆ ಎಷ್ಟು ಕಷ್ಟ ಯೋಚಿಸಿ. ಹಳ್ಳಿಗಳಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಪೇಟೆ ಬಿಡುವ ಮೊದಲೇ ಮಾತಾಡಿ ಮುಗಿಸಿ, ನಕ್ಷೆಯನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಾವು ಜನವರಿ ಕೊನೆಯಲ್ಲಿ ಹೋಗಿದ್ದೆವು, ಅಮ್ಮ ಮತ್ತು ಮಕ್ಕಳ ಜೊತೆ. ಮೊದಲ ಊಟಕ್ಕೇ ಲೋಟದಲ್ಲಿ ಅಪ್ಪೆಹುಳಿ ಬಂತು. ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ನೀರಾಗಿ ಮಾಡಿ, ಮೇಲೆ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಅಮ್ಮ ಅದನ್ನು ಅನ್ನಕ್ಕೆ ಹಾಕಿಕೊಳ್ಳಲು ಹೊರಟಾಗ ಮನೆಯಾಕೆ ತಡೆದು, 'ಅಕ್ಕಾ, ಮೊದ್ಲು ಹಾಗೇ ಕುಡೀರಿ, ಆಮೇಲೆ ಕಲಸ್ಕೊಳ್ಳಿ' ಅಂದರು. ಹುಳಿ, ಖಾರ, ಇಂಗಿನ ಘಮ ಎಲ್ಲಾ ಒಟ್ಟಿಗೆ ನೆತ್ತಿಗೆ ಹತ್ತುತ್ತದೆ. ಇದನ್ನು ಕುಡಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಅಂತ ಇಲ್ಲಿನವರು ಹೇಳುತ್ತಾರೆ, ನಮಗೂ ಬಂತು. ಅದಕ್ಕೇ ಊಟದ ನಂತರ ಒಂದು ತಾಸು ಜಗಲಿಯಲ್ಲಿ ಅಡ್ಡಾಗಲು ಸಮಯ ಇಟ್ಟುಕೊಳ್ಳಿ, ತಕ್ಷಣ ಘಟ್ಟದ ರಸ್ತೆಯಲ್ಲಿ ಗಾಡಿ ಓಡಿಸಬೇಡಿ.

ಜನವರಿಯಿಂದ ಮಾರ್ಚ್‌ವರೆಗೆ ಹೋದರೆ ಆಲೆಮನೆ, ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ, ತಪ್ಪಿಸಬೇಡಿ. ಊರಿನಲ್ಲಿ ಎಲ್ಲಿ ನಡೆಯುತ್ತಿದೆ ಅಂತ ಹೋಂಸ್ಟೇಯವರಿಗೇ ಗೊತ್ತಿರುತ್ತದೆ, ಕೇಳಿದರೆ ಕರೆದುಕೊಂಡು ಹೋಗುತ್ತಾರೆ. ಕಬ್ಬಿನ ಹಾಲು, ಬಿಸಿ ನೊರೆಬೆಲ್ಲ, ಜೊತೆಗೆ ಮಂಡಕ್ಕಿ, ಮಿರ್ಚಿ ಭಜಿ. ಆದರೆ ನನಗೆ ಮರೆಯಲಾಗದ್ದು ತೊಡದೇವು ಅನ್ನುವ ಸಿಹಿ ತಿಂಡಿ ಮಾಡುವುದನ್ನು ನೋಡಿದ್ದು. ಒಲೆಯ ಮೇಲೆ ಮಣ್ಣಿನ ಗಡಿಗೆ ಬೋರಲಾಗಿ ಇಟ್ಟಿರುತ್ತಾರೆ. ಅಕ್ಕಿಯನ್ನು ನುಣ್ಣಗೆ ಬೀಸಿ ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕದಡಿದ ಹಿಟ್ಟು ಪಕ್ಕದಲ್ಲಿ. ತೆಳು ಬಟ್ಟೆಯನ್ನು ಆ ಹಿಟ್ಟಿನಲ್ಲಿ ಅದ್ದಿ, ಕಾದ ಗಡಿಗೆಯ ಬೆನ್ನ ಮೇಲೆ ಒಮ್ಮೆ ಎಳೆಯುತ್ತಾರೆ, ಅಷ್ಟೇ. ಬಟ್ಟೆ ದಾಟಿ ಹೋದ ಜಾಗದಲ್ಲಿ ಕಾಗದದಷ್ಟು ತೆಳು ಪದರ ನಿಂತಿರುತ್ತದೆ. ಅಂಚು ಏಳುವಷ್ಟರಲ್ಲಿ ಮಡಚಿ ತೆಗೆಯಬೇಕು, ಒಂದು ಕ್ಷಣ ತಡವಾದರೆ ಪುಡಿ ಪುಡಿ. ತಿನ್ನುವಾಗ ಮೇಲೆ ತುಪ್ಪ ಹಾಕಿಕೊಳ್ಳಿ, ಅಥವಾ ಬಿಸಿ ಹಾಲು. ಪೇಟೆಯಲ್ಲಿ ಡಬ್ಬಿಯಲ್ಲಿ ಕಟ್ಟಿದ್ದೂ ಸಿಗುತ್ತದೆ, ಮನೆಗೆ ಒಯ್ಯಲು ಅದು ಒಳ್ಳೆಯದು, ಆದರೆ ಬ್ಯಾಗಿನ ಮೇಲ್ಭಾಗದಲ್ಲಿ ಇಡಿ.

ಇನ್ನು ನೋಡುವ ಜಾಗಗಳು. ಸಹಸ್ರಲಿಂಗ ಮತ್ತು ಸೋಂದಾ ಎರಡೂ ಯಲ್ಲಾಪುರ ರಸ್ತೆಯ ಕಡೆಗೇ ಇವೆ, ಒಂದೇ ದಿನ ಇಟ್ಟುಕೊಳ್ಳಿ. ಸಹಸ್ರಲಿಂಗ ಶಿರಸಿಯಿಂದ ಸುಮಾರು 17 ಕಿ.ಮೀ. ಶಾಲ್ಮಲಾ ನದಿಯ ಬಂಡೆಗಳ ಮೇಲೆಯೇ ಲಿಂಗಗಳನ್ನು ಕೆತ್ತಿದ್ದಾರೆ, ಎದುರಿಗೆ ಅದೇ ಕಲ್ಲಿನ ನಂದಿ. ಸೋದೆ (ಸೋಂದಾ) ಅರಸರ ಕಾಲದ್ದು. ಮಳೆಗಾಲದಲ್ಲಿ ಹೋದರೆ ಬರೀ ಕೆಂಪು ನೀರು ಕಾಣುತ್ತದೆ, ನವೆಂಬರ್ ನಂತರ ಹೋದರೆ ನೀರು ಇಳಿದು ಸಾಲು ಸಾಲಾಗಿ ಲಿಂಗಗಳು ಮೇಲೆ ಬಂದಿರುತ್ತವೆ. ಬೆಳಿಗ್ಗೆ ಎಂಟರ ಒಳಗೆ ತಲುಪಿದರೆ ಜನ ಕಡಿಮೆ. ಶಿವರಾತ್ರಿಯ ದಿನ ಮಾತ್ರ ಕಾಲಿಡಲೂ ಜಾಗ ಇರುವುದಿಲ್ಲ. ಮಕ್ಕಳು ಇದ್ದರೆ ಕೈ ಬಿಡಬೇಡಿ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ನೀರು ಶಾಂತವಾಗಿ ಕಂಡರೂ ನಡುವೆ ಆಳದ ಗುಂಡಿಗಳಿವೆ. ಈಜು ಬರುತ್ತದೆ ಅನ್ನುವವರೂ ಇಳಿಯಬೇಡಿ.

ಅಲ್ಲಿಂದ ಸೋಂದಾಕ್ಕೆ ಹೋದರೆ ವಾದಿರಾಜರ ಮಠದಲ್ಲಿ ಮಧ್ಯಾಹ್ನದ ಪ್ರಸಾದ ಊಟ ಸಿಗುತ್ತದೆ, ಆ ದಿನ ಬೇರೆ ಊಟದ ಚಿಂತೆ ಬೇಡ. ತ್ರಿವಿಕ್ರಮ ದೇವಸ್ಥಾನ, ಧವಳಗಂಗಾ ಕೆರೆ ನಿಧಾನವಾಗಿ ನೋಡಿ. ಸಂಪ್ರದಾಯದ ಉಡುಪು ಇಟ್ಟುಕೊಂಡಿರಿ.

ಯಾಣಕ್ಕೆ ಇನ್ನೊಂದು ಬೆಳಿಗ್ಗೆ. 'ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ' ಅನ್ನುವ ಗಾದೆ ಕೇಳಿ ಹೆದರಬೇಡಿ, ಅದು ದಟ್ಟ ಕಾಡಿನಲ್ಲಿ ನಡೆದೇ ಹೋಗಬೇಕಿದ್ದ ಕಾಲದ್ದು. ಈಗ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಆಮೇಲೆ ಸ್ವಲ್ಪ ನಡಿಗೆ, ಕೊನೆಯಲ್ಲಿ ಮೆಟ್ಟಿಲು. ಅಮ್ಮ ಅಲ್ಲಲ್ಲಿ ಕೂತು ಕೂತು ಹತ್ತಿದರು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅಂಕಿ ಓದಿದಾಗ ಏನೂ ಅನ್ನಿಸುವುದಿಲ್ಲ, ಆ ಕಪ್ಪು ಕಲ್ಲಿನ ಬುಡದಲ್ಲಿ ನಿಂತು ಕತ್ತು ಎತ್ತಿದಾಗ ಗೊತ್ತಾಗುತ್ತದೆ. ಚಪ್ಪಲಿ ಬಿಟ್ಟು ಬಂಡೆಯ ಸೀಳಿನೊಳಗೆ ಸುತ್ತಿ ಬರಬಹುದು, ಒಳಗೆ ತಣ್ಣಗಿರುತ್ತದೆ. ಮೇಲೆ ಬಂಡೆಗೆ ಹೆಜ್ಜೇನು ಗೂಡು ಕಟ್ಟಿರುತ್ತದೆ. ಹಾಗಾಗಿ ಕೂಗಬೇಡಿ, ಹೊಗೆ ಹಾಕಬೇಡಿ, ಕಲ್ಲು ಎಸೆಯುವ ಮಕ್ಕಳನ್ನು ಅಲ್ಲೇ ತಡೆಯಿರಿ. ಸಮಯ ಇದ್ದರೆ ಹತ್ತಿರದ ವಿಭೂತಿ ಜಲಪಾತಕ್ಕೂ ಹೋಗಿ.

ಜಲಪಾತಗಳಲ್ಲಿ ಒಂದೇ ಆರಿಸಿ ಅಂದರೆ ನಾನು ಉಂಚಳ್ಳಿ ಅನ್ನುತ್ತೇನೆ. ಅಘನಾಶಿನಿ ನದಿ 116 ಮೀಟರ್ ಆಳಕ್ಕೆ ಬೀಳುತ್ತದೆ. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಆದ್ದರಿಂದ ಜೋಗದಲ್ಲಿ ಆಗುವ ಹಾಗೆ ನೀರು ಬಿಟ್ಟಿದ್ದಾರಾ ಇಲ್ಲವಾ ಅಂತ ಕಾಯಬೇಕಿಲ್ಲ. ಜೋರು ಮಳೆಯಲ್ಲಿ ಹೋದರೆ ಮಂಜು ಮುಚ್ಚಿ ಬರೀ ಸದ್ದು ಕೇಳುತ್ತದೆ, ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ನಾವು ಹೋದಾಗ ನೀರು ಸ್ವಲ್ಪ ಇಳಿದಿತ್ತು, ಆದರೂ ಆ ಕಣಿವೆಯ ಹಸಿರು ನೋಡಿ ಅಲ್ಲೇ ಕೂತುಬಿಟ್ಟೆವು. ಹೆಗ್ಗರಣೆ ದಾಟಿದ ಮೇಲೆ ಅಂಗಡಿ ಸಿಗುವುದು ಕಷ್ಟ, ನೀರು ತುಂಬಿಸಿಕೊಂಡೇ ಹೋಗಿ. ಮಾಗೋಡು ಮತ್ತು ಜೇನುಕಲ್ಲು ಗುಡ್ಡ ಯಲ್ಲಾಪುರದ ಕಡೆ, ಅವೆರಡೂ ಒಟ್ಟಿಗೆ. ಜೇನುಕಲ್ಲು ಗುಡ್ಡಕ್ಕೆ ಸೂರ್ಯ ಮುಳುಗುವ ಹೊತ್ತಿಗೆ ತಲುಪಿ, ಕತ್ತಲಾಗುವ ಮೊದಲು ಮುಖ್ಯ ರಸ್ತೆಗೆ ಬನ್ನಿ.

ಬನವಾಸಿ ಸುಮಾರು 23 ಕಿ.ಮೀ., ರಸ್ತೆ ಸಲೀಸು. ಕದಂಬರ ರಾಜಧಾನಿ ಅಂತ ಪಾಠದಲ್ಲಿ ಓದಿದ್ದು ಮಕ್ಕಳಿಗೆ ಮಧುಕೇಶ್ವರ ದೇವಸ್ಥಾನದಲ್ಲಿ ನಿಜ ಅನ್ನಿಸುತ್ತದೆ. ಮಂಟಪದ ನುಣುಪು ಕಂಬಗಳನ್ನು, ಕಲ್ಲಿನ ಮಂಚವನ್ನು ಹತ್ತಿರದಿಂದ ನೋಡಿ. ಹಿಂದೆಯೇ ವರದಾ ನದಿ. ಮಳೆಗಾಲ ಅಥವಾ ಅದರ ಬೆನ್ನಿಗೇ ಹೋದರೆ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನೂ ಸೇರಿಸಿಕೊಳ್ಳಬಹುದು, ಬೇಸಿಗೆಯಲ್ಲಿ ಹಕ್ಕಿ ಕಡಿಮೆ.

ಕಾಡಿನ ವಿಷಯದಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ, ಅದು ಕಿರಿಕಿರಿ ಅಷ್ಟೇ, ಉಪ್ಪು ಅಥವಾ ಸುಣ್ಣ ಸಾಕು. ಆದರೆ ಡಿಸೆಂಬರ್‌ನಿಂದ ಮೇ ವರೆಗೆ ಮಂಗನ ಕಾಯಿಲೆಯ ಕಾಲ, ಸಿದ್ದಾಪುರದ ಕಡೆ ಪ್ರಕರಣಗಳು ಬಂದದ್ದಿದೆ. ಅದು ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ. ಒಣ ಎಲೆಯ ಮೇಲೆ ಕೂರಬೇಡಿ, ಪೂರ್ತಿ ಕಾಲು ಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ, ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಎಲ್ಲಾದರೂ ಮಂಗ ಸತ್ತುಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಈ ಕಡೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು.

ಶಿರಸಿಗೆ ರೈಲು ಇಲ್ಲ. ಹಾವೇರಿ, ತಾಳಗುಪ್ಪ ಅಥವಾ ಕುಮಟಾದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಕುಮಟಾ ಕಡೆಯಿಂದ ಬರುವವರು ದೇವಿಮನೆ ಘಟ್ಟ ತೆರೆದಿದೆಯಾ ಅಂತ ಮಳೆಗಾಲದಲ್ಲಿ ಮೊದಲೇ ವಿಚಾರಿಸಿ. ಪೇಟೆಯಿಂದ ಹಳ್ಳಿಗಳಿಗೆ ಸರಕಾರಿ ಬಸ್ಸು ಇದೆ, ಆದರೆ ಜಲಪಾತ, ಯಾಣದಂಥ ಕಡೆ ಬಸ್ಸು ನಂಬಿ ಹೋದರೆ ದಿನವೆಲ್ಲಾ ಅದಕ್ಕೇ ಆಗುತ್ತದೆ, ನಾಲ್ಕೈದು ಜನ ಇದ್ದರೆ ಗಾಡಿ ಮಾತಾಡಿಕೊಳ್ಳುವುದೇ ವಾಸಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ದಿನಗಳಲ್ಲಿ ರೂಮು ಸಿಗುವುದು ಬಹಳ ಕಷ್ಟ. ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಹೋದರೆ ರಾತ್ರಿ ಬೀದಿಯಲ್ಲಿ ಬೇಡರ ವೇಷ ಅನ್ನುವ ಜನಪದ ಕುಣಿತ ನೋಡಬಹುದು.

ಹೊರಡುವ ಮುಂಚೆ ಅಪ್ಪೆಮಿಡಿ (ಎಳೆ ಮಾವಿನ ಮಿಡಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ (ನೀರುಬೆಲ್ಲ) ತೆಗೆದುಕೊಳ್ಳಿ. ಆದಷ್ಟು ನೀವು ಉಳಿದ ಮನೆಯಲ್ಲೇ ಕೇಳಿ, ಅವರು ಮಾಡಿದ್ದು ಇಲ್ಲದಿದ್ದರೆ ಪಕ್ಕದ ಮನೆಯಿಂದಾದರೂ ತರಿಸಿಕೊಡುತ್ತಾರೆ. ಜೋನಿಬೆಲ್ಲಕ್ಕೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಮನೆಯಿಂದಲೇ ಒಯ್ದರೆ ಒಳ್ಳೆಯದು, ಪ್ಲಾಸ್ಟಿಕ್ ಬಾಟಲಿ ಬಸ್ಸಿನ ಕುಲುಕಾಟಕ್ಕೆ ಸೋರುತ್ತದೆ.