ಅತ್ತೆ ಮಾಯೆ ಸರಿ, ಈ ಆರು ಅತ್ತಿಗೆಯರು ಯಾರು?

ಶ್ರಾವಣ ಬಂತಂದ್ರೆ ಕಲಬುರಗಿಯಲ್ಲಿ ಓಣಿಗೊಂದು ಪ್ರವಚನ. ನಮ್ಮ ಓಣಿಯ ಅಕ್ಕನ ಬಳಗದವರು, ಅಂದರೆ ಅಕ್ಕಮಹಾದೇವಿ ಹೆಸರಿನ ಹೆಂಗಸರ ಸಂಘದವರು, ಈ ಸಲ ನನಗೂ ಒಂದು ವಚನ ಗಂಟುಹಾಕಿದರು. ಹತ್ತು ನಿಮಿಷ ಮಾತಾಡಬೇಕು, ಅಷ್ಟೇ. ಅಕ್ಕಮಹಾದೇವಿಯದ್ದು, 'ಅತ್ತೆ ಮಾಯೆ, ಮಾವ ಸಂಸಾರಿ' ಅಂತ ಶುರುವಾಗುತ್ತದೆ. ಪುಟ್ಟ ವಚನ, ಅದರಲ್ಲೇನಿದೆ ಅಂದುಕೊಂಡು ಹೂಂ ಅಂದುಬಿಟ್ಟೆ. ಆಮೇಲೆ ಮೂರು ದಿನ ತಲೆ ಕೆಟ್ಟಿತು.

ಅದರಲ್ಲಿರೋದು ಒಬ್ಬ ಸೊಸೆ ತನ್ನ ಮನೆಮಂದಿಯ ಮೇಲೆ ಹೇಳುವ ದೂರು. ಅತ್ತೆ, ಮಾವ ಆದಮೇಲೆ ಮೂವರು ಮೈದುನರು, ಹುಲಿಯಂಥವರು. ನಾಲ್ವರು 'ನಗೆವೆಣ್ಣು'. ಐವರು ಭಾವಂದಿರು. ಆರು ಮಂದಿ ಅತ್ತಿಗೆಯರು. ಕಾವಲಿಗೆ ಏಳು ಮಂದಿ ತೊತ್ತಿರು, ಅಂದರೆ ದಾಸಿಯರು. ಕೊನೆಗೆ ಗಂಡ, ಅವನ ಹೆಸರು ಕರ್ಮ. ಇವರೆಲ್ಲರ ಕಣ್ಣು ತಪ್ಪಿಸಿ ಶಿವನ ಜೊತೆ ಹಾದರ ಮಾಡ್ತೀನಿ ಅಂತಾಳೆ. ಹನ್ನೆರಡನೇ ಶತಮಾನದ ಹೆಣ್ಣುಮಗಳು!

ಪುಸ್ತಕ ತೆಗೆದರೆ ಅರ್ಥ ಇದೆ, ಆದರೆ ಲೆಕ್ಕದ ಪಟ್ಟಿ ಇದ್ದ ಹಾಗಿದೆ. ಮೂರು ಅಂದರೆ ಮೂರು ಗುಣ, ನಾಲ್ಕು ಅಂದರೆ ಮನಸ್ಸು ಬುದ್ಧಿ ಚಿತ್ತ ಅಹಂಕಾರ, ಐದು ಅಂದರೆ ಇಂದ್ರಿಯ, ಆರು ಅಂದರೆ ಕಾಮಕ್ರೋಧಾದಿ ವೈರಿಗಳು, ಏಳು ಅಂದರೆ ಸಪ್ತವ್ಯಸನ, ಏಳು ಕೆಟ್ಟ ಚಟ. ಇನ್ನೊಬ್ಬರು ಮೂರು ಅಂದರೆ ಮಲತ್ರಯ, ಜೀವಕ್ಕೆ ಅಂಟಿದ ಮೂರು ಕೊಳೆ ಅಂತಾರೆ, ಮತ್ತೊಬ್ಬರಿಗೆ ಏಳು ಅಂದರೆ ದೇಹದ ಸಪ್ತಧಾತು. ಒಗಟಿನ ಹಾಗೆ ಒಳಗೊಂದು ಅರ್ಥ ಬಚ್ಚಿಟ್ಟ ಬೆಡಗಿನ ವಚನ ಅಂದಮೇಲೆ ಹೀಗೇ ಇರುತ್ತೆ ಬಿಡಿ. ಆದರೆ ಒಂದು ಗಮನಿಸಿ. ಅತ್ತೆ ಮಾಯೆ, ಗಂಡ ಕರ್ಮ, ಸಖಿ ಮನಸ್ಸು ಅಂತ ಅಕ್ಕನೇ ಬಾಯಿಬಿಟ್ಟು ಹೇಳಿದ್ದಾಳೆ. ಮೂರರಿಂದ ಏಳರವರೆಗೆ ಏನೂ ಹೇಳಿಲ್ಲ. ಅಲ್ಲಿ ಬರೀ ಮನೆ ತುಂಬ ಜನ.

ಹಾಗಾದರೆ ಮನೆ ಅಂತಲೇ ಓದೋಣ ಅಂತ ಹಳೇ ಕರೆಂಟ್ ಬಿಲ್ಲಿನ ಹಿಂದೆ ವಂಶವೃಕ್ಷ ಬರೆಯೋಕೆ ಕೂತೆ. ಮೂವರು ಮೈದುನರು, ಐವರು ಭಾವಂದಿರು, ಗಂಡ ಸೇರಿ ಒಂಬತ್ತು ಜನ ಅಣ್ಣತಮ್ಮಂದಿರು. ನಡುವೆ ಈ ನಗುವ ಹೆಂಗಸರು ಎಲ್ಲಿಂದ ಬಂದರು? ಗಂಡನಿಗೆ ಬೇರೆ ಸಂಬಂಧಗಳಿದ್ದವೇನೋ ಅಂತ ಊಹೆ ಮಾಡಿ, ಅದರ ಮೇಲೆ ಒಂದು ಪುಟ ಭಾಷಣವನ್ನೂ ಬರೆದೆ. ಎ.ಕೆ. ರಾಮಾನುಜನ್ 1973ರಲ್ಲಿ ಇಂಗ್ಲಿಷಿಗೆ ತಂದ ವಚನಗಳಲ್ಲಿ ಇದೂ ಇದೆ. ಅಲ್ಲೂ ಗಂಡನ ತಲೆ ತುಂಬ ನಗುವ ಹೆಂಗಸರು ಅಂತಲೇ ಇರೋದು ನೋಡಿ ನನಗೆ ಇನ್ನಷ್ಟು ಧೈರ್ಯ ಬಂತು.

ಸಂಜೆ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿ ರೂಢಿ ಮಾಡ್ತಿದ್ದೆ. ನಮ್ಮ ಅತ್ತಿ, ಅಂದರೆ ಅತ್ತೆ, ರೊಟ್ಟಿ ಬಡೀತಿದ್ದರು. ಮೊದಲ ಎರಡು ಪದಕ್ಕೇ ಅವರ ಕೈ ನಿಂತಿತು. "ಅತ್ತಿ ಹೆಸರೇ ಮೊದಲು ಹಾಕ್ಯಾಳಲ್ಲ, ಭಾಳ ಶಾಣ್ಯಾಕಿ" ಅಂದು ಮತ್ತೆ ಬಡಿಯೋಕೆ ಶುರು ಮಾಡಿದರು. ನಾನು ನಗುವ ಹೆಣ್ಣು ಅಂತ ವಿವರಿಸೋಕೆ ಹೋದರೆ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರುತ್ತಾ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು:

"ನಗೋದೆಲ್ಲಿ ಬಂತವ್ವ? ನೆಗೆಣ್ಣಿ ಅದು. ನಿನಗಿಲ್ಲೇನು ಇಬ್ಬರು?"

ಅಷ್ಟೇ. ನೆಗೆಣ್ಣಿ, ಗಂಡನ ಅಣ್ಣತಮ್ಮಂದಿರ ಹೆಂಡತಿ, ಬೆಂಗಳೂರು ಕಡೆಯವರ ಓರಗಿತ್ತಿ. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಮಾತು. ನಿಘಂಟು ತೆಗೆದು ನೋಡಿದೆ, ನಗೆವೆಣ್ಣು ಅಂದರೆ ಅದೇ. ಒಂದು ಪುಟ ಭಾಷಣ ಹರಿದು ಹಾಕಿದೆ.

ಆಮೇಲೆ ಅತ್ತಿಯನ್ನು ಬಿಡಲಿಲ್ಲ. ಐವರು ಭಾವಂದಿರ ಸಾಲಿನಲ್ಲಿ ಅವರನ್ನು 'ಒಯ್ವ ದೈವವಿಲ್ಲ' ಅಂತ ಬರುತ್ತೆ, ಅದೇನು ಅಂತ ಕೇಳಿದೆ. ಒಲೆ ಸಣ್ಣ ಮಾಡಿ ಸ್ವಲ್ಪ ಹೊತ್ತು ಸುಮ್ನಿದ್ದರು. "ದೇವರು ಇವರನ್ನ ಒಯ್ಯವಲ್ಲ ಅಂತ ಬೈಲಿಕತ್ತಾಳ" ಅಂದರು. ಪಂಡಿತರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಆ ಸಾಲು ಅವತ್ತು ಕಿವಿಗೆ ಬಿತ್ತು. ಇದು ತತ್ತ್ವ ಹೇಳುವ ದನಿಯಲ್ಲ, ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಾ ಗೊಣಗುವ ದನಿ.

ಕಗ್ಗಂಟಾಗಿದ್ದು ಅತ್ತಿಗೆಯರ ಸಾಲು. ಭಾವನ ಹೆಂಡತಿಯೂ ನೆಗೆಣ್ಣಿಯೇ ಆದಮೇಲೆ ಈ ಆರು ಜನ ಯಾರು? ಅತ್ತಿ ಬೆರಳು ಮಡಚಿ ಎಣಿಸಿದರು. "ಅಣ್ಣನ ಹೆಂಡ್ತಿ ಅತ್ತಿಗಿ. ಅಕಿ ತವರುಮನ್ಯಾಗಿರ್ತಾಳ. ಇಲ್ಲಿಗ್ಯಾಕ ಬಂದ್ಲು?"

ನಾನು ಮತ್ತೆ ವಚನ ತೆಗೆದೆ. ಅತ್ತಿಗೆಯರ 'ಮೀರಲಾರೆನು ತಾಯೆ' ಅಂತಿದೆ. ನೆಗೆಣ್ಣಿಯರ ಸಾಲಿನಲ್ಲಿ 'ಕೇಳು ಕೆಳದಿ' ಅಂತ ಗೆಳತಿಗೆ ಹೇಳಿದವಳು ಅತ್ತಿಗೆ ಬಂದ ಕೂಡಲೇ ತಾಯಿಯನ್ನು ಕರೆಯುತ್ತಾಳೆ. ಅಂದರೆ ಗಂಡನ ಮನೆ ಬಿಟ್ಟು ತವರಿಗೆ ಹೋಗೋಣ ಅಂದರೂ ಅಲ್ಲಿ ಬಾಗಿಲಲ್ಲಿ ಅತ್ತಿಗೆಯರು ಕೂತಿದ್ದಾರೆ, ಅವ್ವ ಒಳಗಿದ್ದೂ ಏನೂ ಮಾಡಲಾರಳು, ಎರಡೂ ಮನೆ ಮುಚ್ಚಿದವು, ಇನ್ನು ಉಳಿದ ದಾರಿ ಹಾದರ ಒಂದೇ. ಹೀಗೆ ಓದಿದರೆ ಆ ಮುಂದಿನ ಮಾತು ಸುಮ್ನೆ ಬಂದಿದ್ದಲ್ಲ ಅನಿಸುತ್ತೆ, ಅಲ್ವಾ?

ಯಾರ ಜೊತೆ ಹಾದರ ಅಂದಳೋ ಆ ಶಿವನನ್ನೇ ಕೊನೆಗೆ ಗಂಡನ ಮಾಡಿಕೊಂಡೆ ಅಂತಾಳಲ್ಲ, ಅದು ನನಗೆ ಇನ್ನೂ ಬಗೆಹರಿದಿಲ್ಲ.

ಬಳಗದಲ್ಲಿ ಇದನ್ನೇ ಹೇಳಿದೆ. ಹಿರಿಯರೊಬ್ಬರು, ಬಸವಕಲ್ಯಾಣದ ತವರಿನವರು, ಆರು ಅಂದರೆ ಅರಿಷಡ್ವರ್ಗ, ಹಂಗೆಲ್ಲ ಎಳೆದಾಡಬಾರದು ಅಂತ ತಿದ್ದಿದರು. ಇರಬಹುದು ಅಂದೆ. ಹಿಂದಿನ ಸಾಲಿನಿಂದ ಯಾರೋ "ನಮ್ಮ ಅತ್ತಿಗಿ ಆರು ವೈರಿ ಏನು, ಒಬ್ಬಾಕೀನೇ ಸಾಕು" ಅಂದರು. ಆಮೇಲೆ ಯಾರೂ ವಚನದ ಬಗ್ಗೆ ಮಾತಾಡಲಿಲ್ಲ. ಚಹಾ ಬರೋವರೆಗೆ ಅವರವರ ತವರುಮನೆಯ ಕತೆಯೇ ನಡೀತು.